ಎಲ್ಲ ಘೋಷಣೆಗಳಿಗೂ ಒಂದೇ ಚಹಾಬಣ್ಣದ ಕಾಗದ

ಜಗತ್ತಿನ ಐತಿಹಾಸಿಕ ಘೋಷಣೆಗಳ ಯಥಾಪ್ರತಿಗಳೆಂದು ಮುಚ್ಚಳದ ಮೇಲೆ ಅಚ್ಚು ಹಾಕಿರುವ ರಟ್ಟಿನ ಪೆಟ್ಟಿಗೆಯೊಂದನ್ನು ಎರಡು ತಿಂಗಳ ಹಿಂದೆ ತರಿಸಿಕೊಂಡೆ. ಒಳಗೆ ಹನ್ನೆರಡು ಬಿಡಿ ಹಾಳೆಗಳಿವೆ, ಪ್ರತಿಯೊಂದರ ಪರಿಚಯವೂ ಅನುವಾದವೂ ಇರುವ ಒಂದು ಕೈಪಿಡಿಯಿದೆ. ಹೊರತಂದವರ ಹೆಸರನ್ನು ಇಲ್ಲಿ ಎತ್ತುವುದಿಲ್ಲ. ಅಚ್ಚು ನಿಚ್ಚಳವಾಗಿದೆ, ಕಾಗದ ಗಟ್ಟಿಯಾಗಿದೆ. ಆದರೆ 1320ರ ಲ್ಯಾಟಿನ್ ಪತ್ರದಿಂದ 1948ರ ವಿಶ್ವಸಂಸ್ಥೆಯ ನಿರ್ಣಯದವರೆಗೆ ಎಲ್ಲವನ್ನೂ ಒಂದೇ ಚಹಾಬಣ್ಣದ ಕಾಗದಕ್ಕೆ ಇಳಿಸಿ, ಅಂಚುಗಳನ್ನು ಸುಟ್ಟಂತೆ ಕಾಣಿಸಿದ್ದಾರೆ. ನನ್ನ ತಕರಾರೆಲ್ಲ ಹೆಚ್ಚುಕಡಿಮೆ ಇಲ್ಲಿಂದಲೇ ಹುಟ್ಟುತ್ತದೆ.

ಮೊದಲು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ. ಬ್ರಿಟಿಷರ ವಿರುದ್ಧ ಎದ್ದ 1916ರ ಐರ್ಲೆಂಡಿನ ಸ್ವಾತಂತ್ರ್ಯ ಘೋಷಣೆಯ ಹಾಳೆಯನ್ನು ಭೂತಗನ್ನಡಿಯಡಿ ಹಿಡಿದು ನೋಡಬೇಕು. ಡಬ್ಲಿನ್‌ನ ಲಿಬರ್ಟಿ ಹಾಲ್‌ನಲ್ಲಿ, ಹಳೆಯ ಯಂತ್ರವೊಂದರಲ್ಲಿ ಗುಟ್ಟಾಗಿ ಅಚ್ಚಾದ ಈ ಭಿತ್ತಿಪತ್ರಕ್ಕೆ ಸಾಕಾಗುವಷ್ಟು ಅಚ್ಚಿನ ಮೊಳೆಗಳೇ ಇರಲಿಲ್ಲ. ಹಾಗಾಗಿ ಮೇಲಿನ ಭಾಗವನ್ನು ಜೋಡಿಸಿ ಮುದ್ರಿಸಿದ ಮೇಲೆ ಅವೇ ಮೊಳೆಗಳನ್ನು ಬಿಚ್ಚಿ, ಕೆಳಗಿನ ಭಾಗವನ್ನು ಜೋಡಿಸಿ, ಅದೇ ಹಾಳೆಯನ್ನು ಮತ್ತೊಮ್ಮೆ ಯಂತ್ರಕ್ಕೆ ಕೊಟ್ಟರು. ಇಂಗ್ಲಿಷಿನ ‘ಇ’ (e) ಅಕ್ಷರ ಸಾಲದೆ ಬೇರೆ ಬಗೆಯ ಮೊಳೆಗಳನ್ನು ಬೆರೆಸಿದ್ದು, ಒಂದೆಡೆ ಅದು ತಲೆಕೆಳಗಾಗಿಯೇ ಉಳಿದದ್ದು ಈ ಪ್ರತಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಏಪ್ರಿಲ್ 24ರಂದು ದಂಗೆಯ ನಾಯಕ ಪ್ಯಾಟ್ರಿಕ್ ಪಿಯರ್ಸ್ ಅಂಚೆ ಕಚೇರಿಯ ಮುಂದೆ ನಿಂತು ಓದಿದ್ದು ಇದೇ ಒಕ್ಕಣೆಯನ್ನು. ಕೆಳಗೆ ಹೆಸರಿರುವ ಏಳೂ ಜನರನ್ನು ಮೇ 12ರೊಳಗೆ ಗುಂಡಿಕ್ಕಿ ಕೊಲ್ಲಲಾಯಿತು. ಆ ಅವಸರವನ್ನು ತಿದ್ದಿ ಅಂದಗಾಣಿಸದೆ ಹಾಗೆಯೇ ಉಳಿಸಿದ್ದಕ್ಕೆ ಮುದ್ರಕರಿಗೆ ಋಣಿಯಾಗಿದ್ದೇನೆ.

ಇದೇ ಎಚ್ಚರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಹಾಳೆಗೆ ದಕ್ಕಿಲ್ಲ. ‘1776ರ ಜುಲೈ 4ರಂದು ಸಹಿಯಾದ ಮೂಲಪತ್ರ’ ಎನ್ನುತ್ತದೆ ಕೈಪಿಡಿ. ಜುಲೈ 4ರಂದು ಅಂಗೀಕಾರವಾದದ್ದು ಒಕ್ಕಣೆ. ಅದನ್ನು ಆ ರಾತ್ರಿಯೇ ಜಾನ್ ಡನ್ಲಪ್ ಒಂದೇ ಮಗ್ಗುಲಿನ ಹಾಳೆಯಾಗಿ ಅಚ್ಚು ಹಾಕಿದ. ಪೆಟ್ಟಿಗೆಯಲ್ಲಿರುವ ದುಂಡನೆಯ ಬರವಣಿಗೆಯ ಪ್ರತಿಯ ನೆತ್ತಿಯಲ್ಲಿ ‘ಸರ್ವಾನುಮತದ ಘೋಷಣೆ’ ಎಂದಿದೆ. ನ್ಯೂಯಾರ್ಕ್ ಒಪ್ಪಿಗೆ ಕೊಟ್ಟದ್ದೇ ಜುಲೈ 9ರಂದು ಎಂದಮೇಲೆ ಈ ಶೀರ್ಷಿಕೆ ಜುಲೈ 4ರದ್ದಾಗಿರಲು ಸಾಧ್ಯವೇ ಇಲ್ಲ. ಚರ್ಮಪತ್ರದ ಮೇಲೆ ಬರೆದ ಆ ಪ್ರತಿಗೆ ಬಹುಪಾಲು ಸದಸ್ಯರು ಸಹಿ ಹಾಕಿದ್ದು ಆಗಸ್ಟ್ 2ರಂದು. ಅಷ್ಟೇ ಅಲ್ಲ, ನಮ್ಮ ಕೈಯಲ್ಲಿರುವುದು ಆ ಚರ್ಮಪತ್ರದ ಪಡಿಯಚ್ಚೂ ಅಲ್ಲ. ವಾಷಿಂಗ್ಟನ್‌ನಲ್ಲಿರುವ ಮೂಲದ ಶಾಯಿ ಓದಲು ಕಷ್ಟವಾಗುವಷ್ಟು ಮಾಸಿದೆ. ಇಲ್ಲಿ ಅಷ್ಟು ಕಪ್ಪಗೆ ಕಾಣುವುದು ವಿಲಿಯಂ ಸ್ಟೋನ್ 1823ರಲ್ಲಿ ಮುಗಿಸಿದ ತಾಮ್ರದ ಕೆತ್ತನೆ. ಅವನ ಹೆಸರು ಕೈಪಿಡಿಯಲ್ಲೆಲ್ಲೂ ಇಲ್ಲ. ಜೆಫರ್ಸನ್‌ನ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸುವ ಭಾಗವೊಂದಿತ್ತು, ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ ಅದನ್ನು ಕಿತ್ತುಹಾಕಿತು ಎಂಬ ಮಾತೂ ಇಲ್ಲ. ಜೆಫರ್ಸನ್ ತಾನೇ ಗುಲಾಮರನ್ನು ಇಟ್ಟುಕೊಂಡಿದ್ದನೆಂಬುದನ್ನು ಕೈಪಿಡಿ ಹೇಳಲಾರದೆಂದು ನಾನೂ ಊಹಿಸಿದ್ದೆ.

ಈ ಮೌನದಿಂದ ಹೆಚ್ಚು ನಷ್ಟವಾದದ್ದು ಹೈಟಿಯ ಹಾಳೆಗೆ. 1804ರ ಜನವರಿ 1ರಂದು ಗೊನಾಯೀವ್‌ನಲ್ಲಿ ಬಂಡಾಯದ ನಾಯಕ ದೆಸಲೀನ್ ಸಾರಿದ ಸ್ವಾತಂತ್ರ್ಯ ಘೋಷಣೆ, ಗುಲಾಮಗಿರಿಯಿಂದ ಬಿಡಿಸಿಕೊಂಡವರೇ ಕಟ್ಟಿದ ರಾಷ್ಟ್ರದ ಮಾತು. ಅದನ್ನು ಅಮೆರಿಕ ಮಾನ್ಯ ಮಾಡಿದ್ದು 1862ರಲ್ಲಿ. ಅದರ ಅಚ್ಚಾದ ಪ್ರತಿಯೊಂದು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ 2010ರಲ್ಲಿ ಬೆಳಕಿಗೆ ಬಂದಾಗ ಕಂಡದ್ದು ಎಂಟು ಪುಟಗಳ ಸಾದಾ ಕಿರುಹೊತ್ತಗೆ. ಆ ಎಂಟು ಪುಟಗಳನ್ನು ಈ ಪೆಟ್ಟಿಗೆಯವರು ಒಂದೇ ಉದ್ದನೆಯ ಸುರುಳಿಯಾಗಿ ಅಂಟಿಸಿ, ಮೇಲೊಂದು ಕೆಂಪು ದಾರ ಕಟ್ಟಿ ಕಳುಹಿಸಿದ್ದಾರೆ. ಎಂದೂ ಇಲ್ಲದಿದ್ದ ರಾಜಠೀವಿಯನ್ನು ಹೊರಗಿನಿಂದ ತೊಡಿಸಿ, ಅದನ್ನೇ ಯಥಾಪ್ರತಿ ಎನ್ನುವುದು ನ್ಯಾಯವಲ್ಲ.

ಸ್ಕಾಟ್ಲೆಂಡಿನ 1320ರ ಆರ್‌ಬ್ರೋತ್ ಪತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಪೋಪ್ ಇಪ್ಪತ್ತೆರಡನೆಯ ಜಾನ್‌ಗೆ ಬರೆದ ಸ್ವಾತಂತ್ರ್ಯದ ಮನವಿಯದು, ಜೋತುಬಿದ್ದಿರುವ ಅರಗಿನ ಮೊಹರುಗಳು ಕಾಗದದ ಮೇಲೆ ಚಪ್ಪಟೆ ಚುಕ್ಕೆಗಳಾಗಿವೆ. ಫ್ರಾನ್ಸಿನ 1789ರ ಮಾನವ ಹಕ್ಕುಗಳ ಘೋಷಣೆಯನ್ನು ಮಾತ್ರ ಲ ಬಾರ್ಬಿಯೇ ಚಿತ್ರಿಸಿದ ರೂಪದಲ್ಲಿ ಬಣ್ಣಗೆಡದಂತೆ ತಂದಿದ್ದಾರೆ. ಎರಡು ಶಿಲಾಫಲಕಗಳಲ್ಲಿ ಹದಿನೇಳು ವಿಧಿಗಳು, ಮೇಲೆ ಸರಪಳಿ ಮುರಿಯುತ್ತಿರುವ ಹೆಣ್ಣು. ಆ ಹೆಣ್ಣು ಚಿತ್ರದಲ್ಲಷ್ಟೇ ಉಳಿದಳೆಂಬ ಕಾರಣಕ್ಕೆ 1791ರಲ್ಲಿ ಲೇಖಕಿ ಒಲಿಂಪ್ ದ ಗೂಜ್ ಅಷ್ಟೇ ವಿಧಿಗಳಲ್ಲಿ ಮಹಿಳಾ ಹಕ್ಕುಗಳ ಘೋಷಣೆ ಬರೆದಳು. ವಧಾಸ್ಥಾನವನ್ನು ಏರುವ ಹಕ್ಕು ಹೆಣ್ಣಿಗೆ ಇರುವುದಾದರೆ ಭಾಷಣ ವೇದಿಕೆಯನ್ನು ಏರುವ ಹಕ್ಕೂ ಇರಬೇಕೆಂದು ವಾದಿಸಿದ ಆಕೆಯನ್ನು ಎರಡು ವರ್ಷಗಳ ನಂತರ ಗಿಲೊಟಿನ್‌ಗೆ ಕೊಟ್ಟರು. ಹನ್ನೆರಡರಲ್ಲಿ ಅವಳ ಹಾಳೆಗೆ ಜಾಗವಿಲ್ಲ.

ನ್ಯೂಜಿಲೆಂಡಿನ 1835ರ ‘ಹೇ ವಾಕಾಪುಟಾಂಗ’ವನ್ನು, ಅಂದರೆ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಮುಖಂಡರ ಸ್ವಾತಂತ್ರ್ಯ ಘೋಷಣೆಯನ್ನು, ಸೇರಿಸಿದ್ದು ಒಳ್ಳೆಯ ಆಯ್ಕೆ. ಆದರೆ ಮುಖಂಡರು ಸಹಿ ಹಾಕಿದ್ದು ಮಾವೊರಿ ಒಕ್ಕಣೆಗೆ. ಕೈಪಿಡಿ ಅನುವಾದಿಸಿರುವುದು ಬ್ರಿಟಿಷ್ ಪ್ರತಿನಿಧಿ ಜೇಮ್ಸ್ ಬಸ್ಬಿಯ ಇಂಗ್ಲಿಷನ್ನು. ‘ಮನ’ ಎಂಬ ಮಾವೊರಿ ಪದ (ನಮ್ಮ ಮನಕ್ಕೂ ಅದಕ್ಕೂ ನಂಟಿಲ್ಲ) ಅಧಿಕಾರ, ಘನತೆ, ಹಿರಿಯರಿಂದ ಬಂದ ಬಲ ಎಲ್ಲವನ್ನೂ ಹಿಡಿದಿಟ್ಟುಕೊಂಡದ್ದು. ಅನುವಾದದಲ್ಲಿ ಅದು ಬರೀ ‘ಅಧಿಕಾರ’ವಾಗಿದೆ.

ಕೊನೆಯ ಹಾಳೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯದು. 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ 48 ಮತಗಳು ಪರವಾಗಿ ಬಿದ್ದವು. ವಿರೋಧವಾಗಿ ಒಂದೂ ಇರಲಿಲ್ಲ, ಎಂಟು ರಾಷ್ಟ್ರಗಳು ತಟಸ್ಥವಾಗಿದ್ದವು. ಮೊದಲ ವಿಧಿಯ ಕರಡಿನಲ್ಲಿ ಇಂಗ್ಲಿಷಿನ ‘ಎಲ್ಲ ಪುರುಷರು’ ಎಂಬ ಅರ್ಥಕ್ಕೂ ಎಡೆಗೊಡುವ ಪದವಿದ್ದುದನ್ನು ‘ಎಲ್ಲ ಮಾನವರು’ ಎಂದು ಬದಲಾಯಿಸಲು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಪಟ್ಟುಹಿಡಿದ ಸಂಗತಿಯನ್ನು ಕೈಪಿಡಿ ವಿವರವಾಗಿ ಹೇಳುತ್ತದೆ, ಇಡೀ ಹೊತ್ತಗೆಯಲ್ಲಿ ಅದೇ ಅತ್ಯುತ್ತಮ ಪುಟ. ಆದರೆ ಬೆರಳಚ್ಚು ಯಂತ್ರದ ಕಾಲದ ಆ ಒಕ್ಕಣೆಯನ್ನು ಓದುವಾಗ ಸುಟ್ಟ ಅಂಚು ಕಣ್ಣಿಗೆ ಚುಚ್ಚುತ್ತದೆ.

ಪಾಠ ಹೇಳುವವರು ಕೈಪಿಡಿಯ ದಿನಾಂಕಗಳನ್ನು ತಾಳೆ ನೋಡಿಕೊಳ್ಳುವುದಾದರೆ ಪೆಟ್ಟಿಗೆಯನ್ನು ಕೊಳ್ಳಬಹುದು. ಐರಿಶ್ ಹಾಳೆಯೊಂದರಿಂದಲೇ ಒಂದು ಇಡೀ ತರಗತಿಯನ್ನು ನಡೆಸಬಹುದು. ಗೋಡೆಗೆ ತೂಗುಹಾಕಲಷ್ಟೇ ಬೇಕಿದ್ದವರಿಗೆ ಫ್ರಾನ್ಸಿನ ಚಿತ್ರ ಬಿಡಿಯಾಗಿ ಸಿಕ್ಕರೆ ಸಾಕು. ತಪ್ಪುಗಳನ್ನು ಪಟ್ಟಿ ಮಾಡಿ ಹೊರತಂದವರಿಗೆ ಬರೆದೆ. ಜುಲೈ 4ರ ವಾಕ್ಯವನ್ನು ಮುಂದಿನ ಮುದ್ರಣದಲ್ಲಿ ತಿದ್ದುವುದಾಗಿ ಉತ್ತರ ಬಂದಿದೆ. ಕಾಗದದ ಬಣ್ಣದ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.