ಆಯಿ ಹೊಲಿದ ಕೌದಿ: 50 ವರ್ಷ ಹೊದ್ದ ಮೇಲೆ ಬರೆದ ವಿಮರ್ಶೆ

ಅಂಗಡಿಯಲ್ಲಿ ಸಿಗದ ವಸ್ತುವಿಗೆ ವಿಮರ್ಶೆ ಯಾಕೆ ಅಂತ ನನ್ನ ತಂಗಿ ಕೇಳಿದಳು. ಆದರೆ ಕೌದಿ, ಅಂದರೆ ಹಳೇ ಬಟ್ಟೆಯ ಪದರುಗಳನ್ನು ಕೂಡಿಸಿ ಕೈಯಲ್ಲಿ ಹೊಲಿದ ಹೊದಿಕೆ, ಹೊಲಿಸಿಕೊಳ್ಳಬಹುದು. ಹೊಲಿಯುವವರು ನಮ್ಮ ಕಡೆ ಇನ್ನೂ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯ ಕೌದಿ 1974ರದ್ದು. ಅವ್ವನ ಮದುವೆಯ ವರ್ಷ, ನವಲಗುಂದ ತಾಲ್ಲೂಕಿನ ಹಳ್ಳಿಯಲ್ಲಿ, ಆಯಿ ಹೊಲಿದದ್ದು. ಆಯಿ ಅಂದರೆ ನಮ್ಮ ಅವ್ವನ ಅವ್ವ. ಉದ್ದ ಏಳೂವರೆ ಅಡಿ, ಅಗಲ ಐದೂವರೆ. ಒಣಗಿದಾಗ ತೂಕ 3 ಕೆಜಿಗಿಂತ ಸ್ವಲ್ಪ ಜಾಸ್ತಿ. ಕೆಳಗೆ ಹಳೇ ಸೀರೆ ಎರಡು ಪದರು, ನಡುವೆ ಅಜ್ಜನ ಧೋತರ ಎರಡು ಪದರು, ಮೇಲೆ ಬಣ್ಣಬಣ್ಣದ ತುಂಡುಗಳು. ಒಳಗೆ ಒಂದು ಹಿಡಿ ಅರಳೆಯೂ ಇಲ್ಲ. ರಜಾಯಿಗೂ ಕೌದಿಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ತಲೆ ಕಡೆ ಆಯಿಯ ಇಳಕಲ್ ಸೀರೆಯ ಕೆಂಪು ಸೆರಗು ಇದೆ. ಟೋಪಿ ತೆನಿ ಅಂತಾರಲ್ಲ, ಕೆಂಪಿನ ಮೇಲೆ ಬಿಳಿ ತೆನೆಗಳು, ಅದು. ಇಳಕಲ್ ಸೀರೆಯಲ್ಲಿ ಸೆರಗಿನ ಉದ್ದ ನೂಲುಗಳನ್ನು ಒಡಲಿನ ಉದ್ದ ನೂಲುಗಳಿಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೊಂಡಿಗಳ ಸಾಲು ನಮ್ಮ ಕೌದಿಯಲ್ಲಿ ಇವತ್ತಿಗೂ ಬೆರಳಿಗೆ ಸಿಗುತ್ತದೆ. ಚಿಕ್ಕವಳಿದ್ದಾಗ ನಿದ್ದೆ ಬರುವ ತನಕ ಅದನ್ನೇ ಸವರುತ್ತಿದ್ದೆ.

ಈಗ ಇದು ಇಷ್ಟು ವರ್ಷ ಬಾಳಿದ್ದು ಹೇಗೆ ಅನ್ನೋದು. ಗುಟ್ಟು ಬಟ್ಟೆಯಲ್ಲಿ ಇಲ್ಲ, ಹೊಲಿಗೆಯಲ್ಲಿ ಇದೆ. ಸುತ್ತ ಅಂಚು ಕಟ್ಟಿ, ಆಮೇಲೆ ಒಂದೊಂದೇ ಸಾಲು, ಸಾಲಿನಿಂದ ಸಾಲಿಗೆ ಬರೀ ಒಂದು ಬೆರಳು ಅಂತರ. ಸೂಜಿ ಪ್ರತಿ ಸಲವೂ ಐದೂ ಪದರು ದಾಟಬೇಕು. ಹಾಗಾಗಿ ಒಂದು ಪದರು ಇನ್ನೊಂದರ ಮೇಲೆ ಜಾರುವುದಿಲ್ಲ. ಎಲ್ಲಾದರೂ ಹರಿದರೆ ಆ ಹರುಕು ಮುಂದಿನ ಸಾಲಿಗೆ ಬಂದು ನಿಲ್ಲುತ್ತದೆ, ಅದನ್ನು ದಾಟಿ ಹೋಗುವುದಿಲ್ಲ. ನಾವು ಮದುವೆಯಾದ ಹೊಸದರಲ್ಲಿ ಒಂದು ಅರಳೆ ರಜಾಯಿ ತಂದಿದ್ದೆವು. ಮೂರು ವರ್ಷಕ್ಕೆ ಅರಳೆಯೆಲ್ಲ ಉಂಡೆ ಕಟ್ಟಿ ಒಂದು ಮೂಲೆಗೆ ಸೇರಿತು. ಕೌದಿಯಲ್ಲಿ ಆ ಕಾಟವೇ ಇಲ್ಲ.

ದಾರದ ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ, ನನಗೂ ಪೆಟ್ಟು ತಿಂದ ಮೇಲೇ ಗೊತ್ತಾಯಿತು. ಆಯಿ ಬಳಸಿದ್ದು ಹತ್ತಿಯ ದಾರ. ಎಳೆದರೆ ಮೊದಲು ದಾರ ಹರಿಯುತ್ತದೆ, ಬಟ್ಟೆ ಉಳಿಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು. ನಾನು 2006ರಲ್ಲಿ ಗಟ್ಟಿ ಇರಲಿ ಅಂತ ಪಾಲಿಸ್ಟರ್ ದಾರದಲ್ಲಿ ನಾಲ್ಕು ಸಾಲು ಹಾಕಿದೆ. ದಾರ ಹಾಗೇ ಉಳಿಯಿತು. ಅದರ ಪಕ್ಕದ ಹಳೇ ಹತ್ತಿ ಬಟ್ಟೆ ಚಾಕು ಇಟ್ಟ ಹಾಗೆ ಸೀಳಿತು. ಅವ್ವ ಕೂಡ ಹಿಂದೆ ಇದೇ ತಪ್ಪು ಮಾಡಿದ್ದಳು. 1988ರಲ್ಲಿ ನನ್ನ ಶಾಲೆಯ ಟೆರಿಕಾಟ್ (ಪಾಲಿಸ್ಟರ್ ಬೆರೆತ ಬಟ್ಟೆ) ಲಂಗದ ತುಂಡನ್ನು ತ್ಯಾಪಿ ಹಚ್ಚಿದ್ದಳು. ಆ ನೀಲಿ ತ್ಯಾಪಿಗೆ ಏನೂ ಆಗಿಲ್ಲ, ಸುತ್ತಲಿನ ಸೀರೆ ಎರಡು ಸಲ ಬಿಟ್ಟಿತು. ಹಳೇ ಮೆತ್ತನೆ ಬಟ್ಟೆಗೆ ಹಳೇ ಮೆತ್ತನೆ ಬಟ್ಟೆಯೇ ಜೋಡಿ. ನೀವು ಹೊಸದಾಗಿ ಹೊಲಿಸುವುದಾದರೆ ಬರೀ ಹತ್ತಿ ಬಟ್ಟೆ ಕೊಡಿ, ಅದೂ ಹತ್ತಾರು ಸಲ ಒಗೆದದ್ದು.

ಬೆಚ್ಚಗಿಡುತ್ತದಾ? ಇಡುತ್ತದೆ. ಪದರುಗಳ ನಡುವೆ ಗಾಳಿ ನಿಲ್ಲುತ್ತದೆ, ಅದೇ ಕಾವು. ಸಂಕ್ರಾಂತಿ ಹೊತ್ತಿನ ನಮ್ಮೂರ ಚಳಿಗೆ, ಕೆಳಗೆ ಜಮಖಾನೆ ಹಾಸಿ ಮೇಲೆ ಇದನ್ನು ಹೊದ್ದರೆ ಬೇರೇನೂ ಬೇಡ. ಬೆಂಗಳೂರಲ್ಲಿ ನವೆಂಬರಿಂದ ಫೆಬ್ರವರಿ ತನಕ ಚೆನ್ನಾಗಿ ಬಳಕೆಯಾಗುತ್ತದೆ. ಉಳಿದ ದಿನ ಹೊದೆಯುವುದಕ್ಕಿಂತ ಹಾಸುವುದೇ ಜಾಸ್ತಿ. ಉಣ್ಣೆಯ ಹಾಗೆ ಚುಚ್ಚುವುದಿಲ್ಲ. ಮಾರ್ಕೆಟ್ಟಿನ ನುಣುಪು ಬ್ಲಾಂಕೆಟ್ಟಿನ ಹಾಗೆ ಬೆವರು ಬರಿಸುವುದಿಲ್ಲ, ಹತ್ತಿ ಬೆವರನ್ನು ಕುಡಿದುಬಿಡುತ್ತದೆ. ಮಗಳು ಹುಟ್ಟಿದಾಗ ಬಾಣಂತನ ಪೂರ್ತಿ ನಾನು ಮಲಗಿದ್ದು ಇದರ ಮೇಲೇ. ಅಷ್ಟು ಹಗುರವಾಗಿ ಮೈಗೆ ಒಗ್ಗುವ ಬಟ್ಟೆಯನ್ನು ನಾನು ಬೇರೆ ಕಂಡಿಲ್ಲ.

ತೊಂದರೆ ಇರುವುದು ಒಗೆಯುವುದರಲ್ಲಿ. ಊರಲ್ಲಿ ಮಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಚಕ್ಕಡಿಯಲ್ಲಿ ಹೇರಿಕೊಂಡು ಬೆಣ್ಣಿಹಳ್ಳಕ್ಕೆ ಹೋಗುತ್ತಿದ್ದೆವು. ಸವಳು ಮಣ್ಣು ಹಚ್ಚಿ ನೆನೆಸಿ, ಕಲ್ಲಿನ ಮೇಲೆ ಬಡಿದು, ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು. ದಂಡೆಯ ತುಂಬ ಕೌದಿಗಳು ಹರಡಿರುತ್ತಿದ್ದವು. ಯಾರ ಮನೆಯಲ್ಲಿ ಯಾವ ಸೀರೆ ಹಳೆಯದಾಯಿತು ಅಂತ ಅಲ್ಲೇ ತಿಳಿಯುತ್ತಿತ್ತು. ಒದ್ದೆ ಕೌದಿಯ ಭಾರ ಎಷ್ಟು ಅಂದರೆ ಒಬ್ಬರ ಕೈಲಿ ಎತ್ತಲು ಆಗುವುದಿಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿ ಹಗ್ಗ ಅದನ್ನು ತಡೆಯುವುದಿಲ್ಲ. ಈಗ ನಾನು ವರ್ಷಕ್ಕೆ ಒಂದೇ ಸಲ ಒಗೆಯುತ್ತೇನೆ. ಮಹಡಿಯ ಮೇಲೆ ದೊಡ್ಡ ಟಬ್ಬಿನಲ್ಲಿ ಅಂಟವಾಳದ ನೀರು, ಕಾಲಿನಿಂದ ತುಳಿಯುವುದು, ಆಮೇಲೆ ಹಿಂಡದೆ ಕಟ್ಟೆಯ ಮೇಲೆ ಹರಡಿ ನೀರು ಸೋರಲು ಬಿಡುವುದು. ಎರಡು ದಿನ ಬಿಸಿಲು ಬೇಕು. ಮಳೆಗಾಲದಲ್ಲಿ ಮುಟ್ಟಲೇಬೇಡಿ, ಒಳಪದರು ಒಣಗದೆ ಮುಗ್ಗು ವಾಸನೆ ಹಿಡಿಯುತ್ತದೆ. ಬಣ್ಣದ ಮುಖ ಕೆಳಗೆ ಮಾಡಿ ಒಣಗಿಸಿದರೆ ಬಣ್ಣ ಉಳಿಯುತ್ತದೆ.

2019ರಲ್ಲಿ ಬೆನ್ನು ನೋವು ಅಂತ ಲಾಂಡ್ರಿಗೆ ಕೊಟ್ಟೆ. ಕೈಯಲ್ಲೇ ಒಗೆಯಿರಿ ಅಂತ ಎರಡು ಸಲ ಹೇಳಿದ್ದೆ. ಮಷೀನಿಗೆ ಹಾಕಿದರು. ನೀರು ಕುಡಿದ ಕೌದಿಯನ್ನು ಜೋರಾಗಿ ತಿರುಗಿಸಿದರೆ ಅದರ ಭಾರವೇ ಅದನ್ನು ಹರಿಯುತ್ತದೆ. ಕಾಲು ಕಡೆಯ ಒಂದು ಮೂಲೆ ಗೇಣುದ್ದ ಕಿತ್ತು ಬಂದಿತ್ತು. ಹದಿನಾರು ಸಾಲು ಹೊಲಿಗೆ ಬಿಟ್ಟಿತ್ತು. ಒಳಗಿನ ಅಜ್ಜನ ಧೋತರ ಹೊರಗೆ ಕಾಣುತ್ತಿತ್ತು. "ಹಳೇ ಬಟ್ಟೆ ಮೇಡಂ, ನಾವೇನು ಮಾಡೋದು" ಅಂದು ದುಡ್ಡೂ ತೆಗೆದುಕೊಂಡರು. ಅಂಗಡಿಯ ಮುಂದೆ ನಿಂತೇ ಅತ್ತುಬಿಟ್ಟೆ. ಆಯಿ ಹೋಗಿ ಆಗ ಒಂಬತ್ತು ವರ್ಷ ಆಗಿತ್ತು. ಅವತ್ತು ಮತ್ತೊಮ್ಮೆ ಹೋದ ಹಾಗಾಯಿತು.

ಅದನ್ನು ಗಂಟು ಕಟ್ಟಿಕೊಂಡು ಊರಿಗೆ ಹೋದೆ. ಅಲ್ಲಿ ಕೌದಿ ಹೊಲಿಯುವ ಒಬ್ಬ ಅಜ್ಜಿ ಇದ್ದಾರೆ. ಬೇಸಿಗೆಯಲ್ಲಿ, ಹೊಲದ ಕೆಲಸ ಇಲ್ಲದಾಗ, ಊರವರೆಲ್ಲ ಅವರಿಗೇ ಕೊಡುತ್ತಾರೆ. ಅವರು ಕೌದಿಯನ್ನು ತಿರುವಿ ಹಾಕಿ ಹಿಂಬದಿ ನೋಡಿದರು. "ಯಾರು ಹೊಲದದ್ದವ್ವಾ ಇದು? ಗಂಟು ಎಲ್ಲೂ ಕಾಣವಲ್ದು" ಅಂದರು. ಆಯಿಯ ಕೈಗೆ ಸಿಕ್ಕ ಅಷ್ಟು ದೊಡ್ಡ ಮಾತನ್ನು ನಾನು ಬೇರೆ ಕೇಳಿಲ್ಲ. ಮೂರು ದಿನ ಹಿಡಿಯಿತು. ನಾನು ಹಾಕಿದ್ದ ಪಾಲಿಸ್ಟರ್ ದಾರವನ್ನೆಲ್ಲ ಕಿತ್ತು ಹತ್ತಿಯಲ್ಲಿ ಮತ್ತೆ ಹೊಲಿದರು. ಕಿತ್ತ ಮೂಲೆಗೆ ಗುಳೇದಗುಡ್ಡದ ಖಣವನ್ನು, ಅಂದರೆ ಕುಬಸದ ಬಟ್ಟೆಯನ್ನು, ತ್ರಿಕೋನ ಮಡಚಿ ಕೂಡಿಸಿದರು. 700 ರೂಪಾಯಿ ಕೇಳಿದರು, ನಾನು 1,500 ಕೊಟ್ಟೆ. ನೀವು ಹೊಲಿಸುವಾಗ ದಯವಿಟ್ಟು ಚೌಕಾಸಿ ಮಾಡಬೇಡಿ. ಒಂದು ದೊಡ್ಡ ಕೌದಿಗೆ ಇಪ್ಪತ್ತು ದಿನವಾದರೂ ಕೂರಬೇಕು. ಕಣ್ಣು, ಬೆನ್ನು, ಬೆರಳು ಮೂರೂ ನೋಯುವ ಕೆಲಸ.

ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿಯನ್ನೂ ಗೆಳತಿಯ ಮನೆಯಲ್ಲಿ ನೋಡಿದ್ದೇನೆ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುಮಧ್ಯಕ್ಕೆ ಬರುತ್ತಾರೆ, ತುಂಡುಗಳನ್ನು ಹೋಗ್ತಾ ಹೋಗ್ತಾ ಕೂಡಿಸುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಹೂವು ಇಡುತ್ತಾರೆ. ಬಣ್ಣದ ಧೈರ್ಯದಲ್ಲಿ ಅದು ನಮ್ಮದಕ್ಕಿಂತ ಮುಂದೆ. ಕಣ್ಣಿಗೆ ಹಬ್ಬ ಬೇಕು ಅನ್ನುವವರು ಅದನ್ನು ನೋಡಿ.

ಇನ್ನೊಂದೆರಡು ಮಾತು. ತಗಣಿ ಸೇರಿದರೆ ಹೊಲಿಗೆಯ ಸಾಲುಗಳಲ್ಲಿ ಅಡಗುತ್ತವೆ. ಹಳ್ಳಿಯಿಂದ ತಂದ ಹೊಸದರಲ್ಲಿ ನಮಗೆ ಆಗಿತ್ತು, ಕುದಿಯುವ ನೀರು ಹಾಕಿದ ಮೇಲೇ ಹೋದದ್ದು. ತಿಂಗಳುಗಟ್ಟಲೆ ಕಪಾಟಿನಲ್ಲಿ ಮಡಚಿಟ್ಟರೆ ಮಡಿಕೆಯ ಗೆರೆಯಲ್ಲೇ ಬಟ್ಟೆ ಸೀಳುತ್ತದೆ. ಪ್ರತಿ ಸಲ ಬೇರೆ ಥರ ಮಡಚಿ, ನಡುವೆ ಒಣಗಿದ ಬೇವಿನೆಲೆ ಇಡಿ. ನುಸಿಗುಳಿಗೆ ಇಟ್ಟ ವರ್ಷ ಮಗಳು ರಾತ್ರಿಯಿಡೀ ಸೀನುತ್ತಿದ್ದಳು.

ಕೆಲವರು ಇದನ್ನು ಗೋಡೆಗೆ ತೂಗುಹಾಕಿ, ಗಾಜು ಹಾಕಿಸಿ ಅಂತ ಹೇಳಿದರು. ನನಗೆ ಮನಸ್ಸಾಗಲಿಲ್ಲ. "ಹೊಚ್ಚಿಕೊಳ್ಳಾಕ ಹೊಲದೀನಿ, ಪೆಟಿಗ್ಯಾಗ ಇಡಾಕಲ್ಲ" ಅಂತ ಆಯಿ ಅವ್ವನಿಗೆ ಹೇಳಿ ಕಳಿಸಿದ್ದಳಂತೆ.

ಹೋದ ಜೂನ್‌ನಲ್ಲಿ ಮಗಳು ಮೈಸೂರಿನ ಹಾಸ್ಟೆಲ್ಲಿಗೆ ಹೋದಳು. ಕೌದಿ ತಾನೇ ಒಯ್ಯುತ್ತೇನೆ ಅಂದಳು. ಎರಡು ರಾತ್ರಿ ಹೆದರಿದೆ, ಮೂರನೆಯ ದಿನ ಮಡಚಿಕೊಟ್ಟೆ. ಮೊದಲ ವಾರ ಒಂದು ರಾತ್ರಿ ಹನ್ನೊಂದಕ್ಕೆ ಫೋನು. ಕರೆಂಟ್ ಹೋಗಿದೆ, ಯಾವ ತುದಿ ತಲೆಗೆ ಅಂತ ಕಾಣುತ್ತಿಲ್ಲ ಅಂದಳು. ಮೂಲೆ ಮುಟ್ಟಿ ನೋಡು ಅಂದೆ. ಆ ಖಣದ ಬಟ್ಟೆ ಹೊಸದಿದ್ದಾಗಿನಿಂದ ಬಿರುಸು, ಎಷ್ಟು ಸಲ ಒಗೆದರೂ ಪೂರ್ತಿ ಮೆತ್ತಗಾಗಿಲ್ಲ.

"ಸಿಕ್ಕಿತು" ಅಂದಳು.

"ಅದು ಕಾಲಿಗೆ. ಕೊಂಡಿ ಸಾಲು ತಲೆಗೆ."