ಕಿತಾಬು ಒಂದು ಹೇಳುತ್ತದೆ, ಕಾರಿನ ತಳ ಇನ್ನೊಂದು: ಹಳೇ ಆಟಿಕೆ ಕಾರು ಗುರುತಿಸಲು ನಾಲ್ಕು ಆಧಾರಗಳ ಹೋಲಿಕೆ

ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲೋ ಪುಣೆಯ ಜುನಾ ಬಜಾರಿನಲ್ಲೋ ಹಳೇ ಮ್ಯಾಚ್‌ಬಾಕ್ಸ್, ಡಿಂಕಿ, ಕಾರ್ಗಿಯಂಥ ಬ್ರಿಟಿಷ್ ಆಟಿಕೆ ಕಾರಿನ ಬೆಲೆ ಕೇಳಿದರೆ ವ್ಯಾಪಾರಿ ಮೊಬೈಲ್ ತೆಗೆದು ಯಾವುದೋ ಕ್ಯಾಟಲಾಗಿನ ಪುಟ ತೋರಿಸುತ್ತಾನೆ. "ಕಿತಾಬ್ ಮೇ ದೇಖೋ" ಎಂಬ ಒಂದೇ ಮಾತಿನ ಮೇಲೆ ಸಾವಿರಗಟ್ಟಲೆ ರೂಪಾಯಿಯ ವ್ಯವಹಾರ ಮುಗಿದುಹೋಗುತ್ತದೆ. ಆದರೆ ಹಳೇ ಕ್ಯಾಟಲಾಗುಗಳಲ್ಲಿ ತಪ್ಪುಗಳು ಧಾರಾಳವಾಗಿವೆ. ಯಾವ ಬಗೆಯ ತಪ್ಪು ಎಲ್ಲಿ ಹುಟ್ಟುತ್ತದೆ ಎಂದು ತಿಳಿದಿದ್ದರೆ ಅದೇ ಕ್ಯಾಟಲಾಗು ಒಳ್ಳೆಯ ಆಧಾರವೂ ಆಗುತ್ತದೆ.

ನಾಲ್ಕು ಆಧಾರಗಳನ್ನು ಅವೇ ಕಾರುಗಳ ಮೇಲೆ ಒರೆಗೆ ಹಚ್ಚಿದ ಫಲ ಇಲ್ಲಿದೆ: ಕಂಪನಿಗಳೇ ಆ ಕಾಲದಲ್ಲಿ ಹಂಚಿದ ಜೇಬು ಕ್ಯಾಟಲಾಗು, ಸಂಗ್ರಾಹಕರಿಗಾಗಿ ಆಮೇಲೆ ಬಂದ ಬೆಲೆಪುಸ್ತಕ, ಅಂತರ್ಜಾಲದ ಪಟ್ಟಿ, ಕೊನೆಗೆ ಕಾರು ಮತ್ತು ಅದರ ಪೆಟ್ಟಿಗೆ. ಹೋಲಿಕೆಗೆ ಆರಿಸಿಕೊಂಡವು ಮ್ಯಾಚ್‌ಬಾಕ್ಸ್ 13ನೇ ಸಂಖ್ಯೆಯ ಡಾಜ್ ರೆಕ್ ಟ್ರಕ್ (ಕೆಟ್ಟ ವಾಹನ ಎಳೆಯುವ ಲಾರಿ), ಕಾರ್ಗಿಯ ಜೇಮ್ಸ್ ಬಾಂಡ್ ಆಸ್ಟನ್ ಮಾರ್ಟಿನ್, ಡಿಂಕಿಯ ಟ್ರಯಂಫ್ 1800, ಕಲ್ಕತ್ತೆಯ ನಿಕಿ ಕಾರು ಮತ್ತು ಲಿಯೋ ಹೆಸರಿನ ಭಾರತೀಯ ಹಾಟ್ ವೀಲ್ಸ್. ಬೇಕಾದ ಸಾಮಾನು ಹೆಚ್ಚೇನಿಲ್ಲ. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, 0.1 ಮಿ.ಮೀ. ಅಳೆಯುವ ವರ್ನಿಯರ್ ಕ್ಯಾಲಿಪರ್, ಒಂದು ಸಾದಾ ಟಾರ್ಚು, ಒಂದು ಯುವಿ (ನೇರಳಾತೀತ ಬೆಳಕಿನ) ಟಾರ್ಚು.

ಕಂಪನಿಯ ಕ್ಯಾಟಲಾಗು

ಇದು ಅಂಗಡಿಯವನಿಗೂ ಮಕ್ಕಳಿಗೂ ಮುಂದಿನ ವರ್ಷ ಬರಲಿರುವ ಮಾಲನ್ನು ತೋರಿಸಲು ಅಚ್ಚಾದದ್ದು. ಮ್ಯಾಚ್‌ಬಾಕ್ಸ್ 1-75 ಸರಣಿ 1953ರಲ್ಲಿ ಶುರುವಾಯಿತು, ಜೇಬು ಕ್ಯಾಟಲಾಗು 1957ರಿಂದ ಬಂತು. ಕಾರು ಕಾರ್ಖಾನೆಯಿಂದ ಹೊರಡುವ ತಿಂಗಳುಗಳ ಮೊದಲೇ ಪುಟ ಮುದ್ರಣಕ್ಕೆ ಹೋಗಬೇಕಿದ್ದರಿಂದ ಚಿತ್ರಕಾರನ ಮುಂದೆ ಇರುತ್ತಿದ್ದದ್ದು ಮಾದರಿ ಕಾರು, ಇಲ್ಲವೇ ನಕ್ಷೆ. ಹಾಗಾಗಿ ಈ ಕ್ಯಾಟಲಾಗಿನ ತಪ್ಪುಗಳೆಲ್ಲ ಸಾಮಾನ್ಯವಾಗಿ ಒಂದೇ ದಿಕ್ಕಿನವು: ತಯಾರಾಗದ ಬಣ್ಣ, ಬದಲಾದ ಚಕ್ರ, ಕೊನೆಗೆ ಕೈಬಿಟ್ಟ ಬಿಡಿಭಾಗ. 1969-70ರಲ್ಲಿ ಮ್ಯಾಚ್‌ಬಾಕ್ಸ್ ಸಾದಾ ಚಕ್ರದಿಂದ ವೇಗವಾಗಿ ಉರುಳುವ ಸೂಪರ್‌ಫಾಸ್ಟ್ ಚಕ್ರಕ್ಕೆ ಹೊರಳಿದ ಅವಧಿಯಲ್ಲಿ ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ಚಿತ್ರದಲ್ಲಿ ಚಕ್ರದ ಸುತ್ತ ಬಣ್ಣ ತಿದ್ದಿದ ಗೆರೆ ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಇದ್ದರೆ ಆ ಪುಟ ಚಕ್ರಕ್ಕೆ ಸಾಕ್ಷಿಯಾಗದು.

ಬಣ್ಣದ ವಿಷಯದಲ್ಲಿ ಮುದ್ರಣದ ಮಿತಿಯೂ ಸೇರುತ್ತದೆ. ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣದಲ್ಲಿ ಲೋಹದ ಹೊಳಪು ಬರುವುದಿಲ್ಲ. ಚಿನ್ನದ ಬಣ್ಣ ಕಾಗದದ ಮೇಲೆ ಸಾಸಿವೆ ಹಳದಿಯಾಗುತ್ತದೆ, ಬೆಳ್ಳಿ ಬೂದಿಯಾಗುತ್ತದೆ. ಕಾರ್ಗಿಯ ಆಸ್ಟನ್ ಮಾರ್ಟಿನ್ ಡಿಬಿ5 ಇದಕ್ಕೆ ತಕ್ಕ ಉದಾಹರಣೆ. 1965ರಲ್ಲಿ ಬಂದ 261ನೇ ಸಂಖ್ಯೆಯದು ಚಿನ್ನದ ಬಣ್ಣ. 1968ರ 270 ಬೆಳ್ಳಿ ಬಣ್ಣ. 1978ರ 271 ಇನ್ನೂ ದೊಡ್ಡದು, 1:36 ಸ್ಕೇಲಿನದು, ಅಂದರೆ ನಿಜವಾದ ಕಾರಿನ 36ನೇ ಒಂದು ಭಾಗ, ಅದೂ ಬೆಳ್ಳಿ. ಸಿನಿಮಾದ ಕಾರು ಬೆಳ್ಳಿ ಬಣ್ಣದ್ದು ಎಂಬ ನೆನಪಿಗೆ ಮಾಸಿದ ಪುಟದ ಬೂದಿ ಛಾಯೆಯೂ ಜೊತೆಯಾದರೆ, ಬೆಳ್ಳಿ ಬಳಿದ 261 "ಅಪರೂಪದ್ದು" ಎಂದು ಸುಲಭವಾಗಿ ಮಾರಾಟವಾಗುತ್ತದೆ. ಅಂಥದ್ದು ಕಂಡರೆ ಪುಟ ಬದಿಗಿಟ್ಟು, ಬಾಗಿಲ ಸಂದಿನಲ್ಲೂ ತಳದ ತಗಡಿನ ಅಂಚಿನಲ್ಲೂ ಚಿನ್ನದ ಬಣ್ಣ ಇಣುಕುತ್ತಿದೆಯೇ ಎಂದು ಟಾರ್ಚು ಬಿಟ್ಟು ನೋಡಬೇಕು.

ಇನ್ನೊಂದು ತಪ್ಪು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ: ಫಿಲ್ಮ್ ತಿರುಗಾ ಮುರುಗಾ ಆಗುವುದು. ಪುಟದ ಜೋಡಣೆಗೆ ಹೊಂದಲೆಂದೋ ಅಜಾಗರೂಕತೆಯಿಂದಲೋ ನೆಗೆಟಿವ್ ಮಗುಚಿದರೆ ಬಲಗಡೆಯ ಸ್ಟಿಯರಿಂಗ್ ಎಡಕ್ಕೆ ಬರುತ್ತದೆ. ಆಮೇಲೆ ಪುಸ್ತಕ ಬರೆದವರು "ಎಡ ಸ್ಟಿಯರಿಂಗ್ ಆವೃತ್ತಿಯೂ ಇದೆ" ಎಂದು ಸೇರಿಸಿಬಿಡುತ್ತಾರೆ. ನಂಬರ್ ಪ್ಲೇಟಿನ ಅಕ್ಷರ ಕನ್ನಡಿಯಲ್ಲಿ ಕಂಡಂತಿದೆಯೇ, ಪೆಟ್ರೋಲ್ ಮುಚ್ಚಳ ಯಾವ ಬದಿಗಿದೆ, ಬದಿಯ ಚೀಟಿಯ ಬರಹ ನೇರವಾಗಿದೆಯೇ ಎಂದು ಅರ್ಧ ನಿಮಿಷ ನೋಡಿದರೆ ಸಾಕು.

ಕ್ಯಾಟಲಾಗಿಗೂ ಒಂದು ವಯಸ್ಸಿದೆ, ಅದನ್ನು ಮೊದಲು ಪತ್ತೆಮಾಡಬೇಕು. ಬ್ರಿಟಿಷ್ ಆವೃತ್ತಿಯಲ್ಲಿ ಬೆಲೆ 2/6 ಎಂದು ಶಿಲ್ಲಿಂಗ್-ಪೆನ್ಸ್‌ನಲ್ಲಿದ್ದರೆ ಅದು 1971ರ ಫೆಬ್ರವರಿ 15ಕ್ಕಿಂತ ಹಿಂದಿನದು. ಅಂದಿನಿಂದ ಅಲ್ಲಿ ದಶಮಾಂಶ ನಾಣ್ಯ ಬಂತು. ಡಿಂಕಿ ತಯಾರಿಸಿದ ಮೆಕ್ಯಾನೋ ಕಂಪನಿಯ ಹಾಳೆಗಳ ಬುಡದಲ್ಲಿ ಗೆರೆ ಹಾಕಿ ಬೇರ್ಪಡಿಸಿದ ಪುಟ್ಟ ಸಂಖ್ಯೆಗಳಿರುತ್ತವೆ. ನಡುವಿನದು 453 ಎಂದಿದ್ದರೆ 1953ರ ಏಪ್ರಿಲ್, 1053 ಎಂದಿದ್ದರೆ 1953ರ ಅಕ್ಟೋಬರ್. ಮ್ಯಾಚ್‌ಬಾಕ್ಸಿಗೆ ಬ್ರಿಟನ್, ಅಮೆರಿಕ, ಜರ್ಮನಿ ಎಂದು ಬೇರೆಬೇರೆ ಆವೃತ್ತಿಗಳಿದ್ದವು, ಒಂದರ ಪುಟವನ್ನು ಇನ್ನೊಂದರದೆಂದು ತಿಳಿಯಬಾರದು. ಮರುಮುದ್ರಣ ಗುರುತಿಸುವುದು ಸುಲಭ. ಮುದ್ರಿತ ಪುಟವನ್ನೇ ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸಿದ್ದರೆ ಭೂತಗನ್ನಡಿಯಡಿ ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಅಲೆಅಲೆಯಾದ ಮಬ್ಬು ಕಾಣುತ್ತದೆ. ಮೂಲದಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ.

ಹೀಗೆಲ್ಲ ಇದ್ದರೂ ಕಂಪನಿಯ ಕ್ಯಾಟಲಾಗನ್ನು ಸದುಪಯೋಗಪಡಿಸಿಕೊಳ್ಳಲು ಒಂದು ಉಪಾಯವಿದೆ. ಕಾರು ಮೊದಲು ಬಂದ ವರ್ಷದ ಪುಟವನ್ನು ನೋಡುವ ಬದಲು ಮರುವರ್ಷದ್ದನ್ನು ನೋಡಿ. ಅಷ್ಟರಲ್ಲಿ ನಿಜವಾದ ಕಾರು ಕೈಗೆ ಬಂದಿರುತ್ತದೆ, ಚಿತ್ರ ಬದಲಾಗಿದ್ದರೆ ಹೊಸ ಚಿತ್ರ ಅದರದೇ ಆಗಿರುವ ಸಂಭವ ಹೆಚ್ಚು. ಎರಡು ವರ್ಷದ ಪುಟಗಳನ್ನು ಅಕ್ಕಪಕ್ಕ ಇಟ್ಟಾಗ ಯಾವುದು ಬದಲಾಗಿದೆಯೋ ಅಲ್ಲೇ ಮೊದಲ ಪುಟದ ತಪ್ಪು ಇರುವ ಸಂಭವ ಹೆಚ್ಚು.

ಬೆಲೆಪುಸ್ತಕ

ಇವುಗಳ ತಪ್ಪಿನ ಜಾಡೇ ಬೇರೆ. ಕಂಪನಿಯ ಕ್ಯಾಟಲಾಗು ಮುಂದಾಗುವುದನ್ನು ಊಹಿಸಿ ತಪ್ಪುತ್ತದೆ. ಬೆಲೆಪುಸ್ತಕ ಹಿಂದಿನವರು ಬರೆದದ್ದನ್ನು ನಕಲು ಮಾಡಿ ತಪ್ಪುತ್ತದೆ. ಮೂರು ಪುಸ್ತಕ ಒಂದೇ ಮಾತು ಹೇಳಿದರೆ ಮೂರು ಸಾಕ್ಷಿ ಎಂದು ಭಾವಿಸುವುದು ದುಬಾರಿಯಾಗುತ್ತದೆ. ಮೂರರಲ್ಲೂ ಅದೇ ಕಾಗುಣಿತದ ತಪ್ಪು, ಅದೇ ಅಂಕಿಯ ಅದಲುಬದಲು ಇದ್ದರೆ ಸಾಕ್ಷಿ ಒಂದೇ, ಪ್ರತಿ ಮೂರು.

ಎಲ್ಲಕ್ಕಿಂತ ಹೆಚ್ಚು ಗೊಂದಲ ತರುವುದು ಅಕ್ಷರಗಳು. ಮ್ಯಾಚ್‌ಬಾಕ್ಸಿನಲ್ಲಿ 75ಕ್ಕಿಂತ ಹೆಚ್ಚು ಸಂಖ್ಯೆ ಇರಲಿಲ್ಲವಾದ್ದರಿಂದ ಹಳೇ ಕಾರು ನಿಂತೊಡನೆ ಅದೇ ಸಂಖ್ಯೆ ಹೊಸದಕ್ಕೆ ಹೋಗುತ್ತಿತ್ತು. 13ಎ, 13ಬಿ, 13ಸಿ, 13ಡಿ ಎಂಬ ಅಕ್ಷರಗಳನ್ನು ಸೇರಿಸಿದವರು ಸಂಗ್ರಾಹಕರು, ಕಂಪನಿ ಅಲ್ಲ. ಡಾಜ್ ರೆಕ್ ಟ್ರಕ್ಕಿಗೆ ಸೂಪರ್‌ಫಾಸ್ಟ್ ಚಕ್ರ ಬಂದಾಗ ಒಂದು ಪುಸ್ತಕ ಅದಕ್ಕೆ ಹೊಸ ಅಕ್ಷರ ಕೊಡುತ್ತದೆ, ಇನ್ನೊಂದು ಹಳೆಯದನ್ನೇ ಮುಂದುವರಿಸುತ್ತದೆ, ಮತ್ತೊಂದು ಸೂಪರ್‌ಫಾಸ್ಟಿಗೆ ಎಯಿಂದ ಲೆಕ್ಕ ಶುರುಮಾಡುತ್ತದೆ. ಆದ್ದರಿಂದ ಫೋನಿನಲ್ಲಿ ವ್ಯವಹಾರ ಮಾಡುವಾಗ ಅಕ್ಷರ ಹೇಳಬೇಡಿ. "13, ಡಾಜ್ ರೆಕ್ ಟ್ರಕ್, ಸಾದಾ ಕಪ್ಪು ಚಕ್ರ" ಎಂದು ಬಿಡಿಸಿ ಹೇಳಿ.

ಡಿಂಕಿಯಲ್ಲಿ ತೊಡಕು 1954ರಲ್ಲಿದೆ. ಆ ವರ್ಷ ಅಕ್ಷರ ಕೂಡಿದ ಹಳೇ ಸಂಖ್ಯೆಗಳು ಹೋಗಿ ಮೂರಂಕಿಯವು ಬಂದವು. ಟ್ರಯಂಫ್ 1800 ಮೊದಲು 40ಬಿ, ಆಮೇಲೆ 151. ಆಸ್ಟಿನ್ ಡೆವನ್ 40ಡಿ ಇದ್ದದ್ದು 152 ಆಯಿತು. ಬದಲಾವಣೆಯ ಹೊತ್ತಿನಲ್ಲಿ ಎರಡೂ ಸಂಖ್ಯೆ ಹೊತ್ತ ಪೆಟ್ಟಿಗೆಗಳೂ ಬಂದವು. ಇವನ್ನು ಎರಡು ಬೇರೆ ಕಾರೆಂದು ಎಣಿಸುವ ಪಟ್ಟಿಗಳಿವೆ. ಇದಕ್ಕೆ ತಿರುಗುಮುರುಗಾದ ಸಮಸ್ಯೆ ಡಿಂಕಿಯದೇ ದೊಡ್ಡ ವಾಹನಗಳ ಸರಣಿಯಾದ ಸೂಪರ್‌ಟಾಯ್ಸ್‌ನಲ್ಲಿದೆ: ಗೈ ವ್ಯಾನಿನ 514 ಎಂಬ ಒಂದೇ ಸಂಖ್ಯೆಯಲ್ಲಿ ಸ್ಲಂಬರ್‌ಲ್ಯಾಂಡ್, ಲಯನ್ಸ್, ವೀಟಾಬಿಕ್ಸ್, ಸ್ಪ್ರ್ಯಾಟ್ಸ್ ಜಾಹೀರಾತಿನ ನಾಲ್ಕು ವ್ಯಾನು ಬಂದವು. ಬರೀ ಸಂಖ್ಯೆ ನೋಡಿ ಬೆಲೆ ಓದಿದರೆ ಒಂದರ ಬೆಲೆ ಇನ್ನೊಂದಕ್ಕೆ ಹೋಗುತ್ತದೆ. ಅಂದಹಾಗೆ, 40ರ ಸರಣಿಯ ಚಿಕ್ಕ ಕಾರುಗಳು ಮೊದಲಲ್ಲಿ ಬಿಡಿ ಪೆಟ್ಟಿಗೆಯಲ್ಲಿ ಬರುತ್ತಲೇ ಇರಲಿಲ್ಲ. ಅಂಗಡಿಗೆ ಹಲವು ಕಾರುಗಳು ಒಟ್ಟಿಗೆ ಒಂದೇ ದೊಡ್ಡ ಡಬ್ಬಿಯಲ್ಲಿ ಹೋಗುತ್ತಿದ್ದವು. ಆ ಕಾಲದ 40ಬಿಗೆ "ಪೆಟ್ಟಿಗೆ ಸಮೇತ" ಎಂಬ ಬೆಲೆಯ ಕಾಲಮ್ಮಿಗೆ ಅರ್ಥವಿಲ್ಲ.

ಅಳತೆಯನ್ನೂ ಪುಸ್ತಕದಿಂದ ಹಾಗೇ ತೆಗೆದುಕೊಳ್ಳಬಾರದು. ಹಳೇ ಪಟ್ಟಿಯ ಉದ್ದ ಇಂಚಿನ ಎಂಟನೇ ಭಾಗಗಳಲ್ಲಿದೆ. 3⅜ ಇಂಚು ಎಂದರೆ 85.7 ಮಿ.ಮೀ. ಯಾರೋ ಅದನ್ನು 3.3 ಎಂದು ಓದಿ ಪರಿವರ್ತಿಸಿದರೆ 83.8 ಬರುತ್ತದೆ, ಸುಮಾರು 2 ಮಿ.ಮೀ. ವ್ಯತ್ಯಾಸದಲ್ಲಿ "ಬೇರೆ ಎರಕ" ಎಂಬ ಕಥೆ ಹುಟ್ಟಿಕೊಳ್ಳುತ್ತದೆ. ಮ್ಯಾಚ್‌ಬಾಕ್ಸಿಗೆ ಕೊಟ್ಟ ಸ್ಕೇಲನ್ನಂತೂ ಮರೆತುಬಿಡಿ. ಕಾರು ಪೆಟ್ಟಿಗೆಯಲ್ಲಿ ಹಿಡಿಸಬೇಕಿತ್ತು, ಆದ್ದರಿಂದ ಬಸ್ಸಿಗೊಂದು ಸ್ಕೇಲು, ಕಾರಿಗೊಂದು ಸ್ಕೇಲು.

ಅಂತರ್ಜಾಲದ ಪಟ್ಟಿ ಫೋಟೋಗಳಿಗೆ ಬಹಳ ಒಳ್ಳೆಯದು, ತಳದ ಚಿತ್ರವಿದ್ದರಂತೂ ಬೇರೆ ಎಲ್ಲಕ್ಕಿಂತ ಮೇಲು. ಆದರೆ ಬರಹ ಹೆಚ್ಚಾಗಿ ಬೆಲೆಪುಸ್ತಕದ್ದೇ. 1980ರ ದಶಕದ ಮ್ಯಾಚ್‌ಬಾಕ್ಸಿನಲ್ಲಿ ವಿಶೇಷ ಎಚ್ಚರ ಬೇಕು. ಆ ದಶಕದ ಆರಂಭದಿಂದ ಅಮೆರಿಕದ ಸಂಖ್ಯೆಯೂ ಉಳಿದ ದೇಶಗಳ ಸಂಖ್ಯೆಯೂ ಬೇರೆಯಾದವು, ಪಟ್ಟಿಗಳಲ್ಲಿ ಎರಡೂ ಬೆರೆತುಹೋಗಿವೆ.

ಕಾರು ಮತ್ತು ಪೆಟ್ಟಿಗೆ

ಹೋಲಿಕೆಯಲ್ಲಿ ಗೆದ್ದದ್ದು ಇದೇ. ಹಾಗೆಂದು ಕಾರಿನ ತಳವೂ ಪೂರ್ತಿ ಸತ್ಯವಂತನಲ್ಲ. ಹಾಟ್ ವೀಲ್ಸ್ ತಳದ ಇಸವಿ ಕಾರು ತಯಾರಾದ ವರ್ಷವಲ್ಲ, ಆ ವಿನ್ಯಾಸದ ಹಕ್ಕು ದಾಖಲಾದ ವರ್ಷ. ಮುಂಬೈ ಬಜಾರಿನಲ್ಲಿ ಇದು ದಿನವೂ ಎದುರಾಗುವ ಸಂಗತಿ. 1980ರ ದಶಕದಲ್ಲಿ ಹಾಟ್ ವೀಲ್ಸ್ ತಯಾರಕ ಮ್ಯಾಟೆಲ್ ಜೊತೆ ಕೈಜೋಡಿಸಿದ ಭಾರತದ ಬ್ಲೋ ಪ್ಲಾಸ್ಟ್ ಕಂಪನಿ ತಯಾರಿಸಿದ ಲಿಯೋ ಕಾರುಗಳ ತಳದಲ್ಲಿ ಅದಕ್ಕೂ ಹಿಂದಿನ ಇಸವಿ ಇರುವುದುಂಟು. ಆ ಇಸವಿಯನ್ನೇ ತೋರಿಸಿ ಅಮೆರಿಕದ ಹಳೇ ಕಾರಿನ ಬೆಲೆ ಕೇಳುತ್ತಾರೆ. ಇಸವಿಗಿಂತ ಮೊದಲು ದೇಶದ ಹೆಸರು ಓದಿ. ನಿಕಿ ಕಾರಿನದೂ ಇದೇ ಬಗೆ: 1960ರ ದಶಕದ ಕೊನೆಯಲ್ಲಿ ಡಿಂಕಿಯ ಎರಕದ ಅಚ್ಚುಗಳೇ ಕಲ್ಕತ್ತೆಗೆ ಬಂದು ಅವುಗಳಿಂದ ನಿಕಿ ಹೆಸರಿನಲ್ಲಿ ಕಾರು ತಯಾರಾದವು. ಮೇಲ್ಭಾಗ ನೋಡಿದರೆ ಇಂಗ್ಲೆಂಡಿನದೇ ಎನಿಸುತ್ತದೆ, ಬೆಲೆಪುಸ್ತಕದ ಡಿಂಕಿ ಪುಟಕ್ಕೆ ಸರಿಯಾಗಿ ಹೊಂದುತ್ತದೆ. ತಳದ ಹೆಸರು ಮತ್ತು ಎರಕದ ಒರಟುತನ ಮಾತ್ರ ಬೇರೆ ಹೇಳುತ್ತವೆ. ನಮ್ಮ ಕಡೆಯ ಸಂಗ್ರಾಹಕರಿಗೆ ಇವು ಡಿಂಕಿಯಷ್ಟೇ ಪ್ರೀತಿಯ ವಸ್ತುಗಳಾಗಬೇಕು, ಆದರೆ ಅವುಗಳದೇ ಹೆಸರಿನಲ್ಲಿ.

ಕಾಲ ತಿಳಿಯಲು ಚಕ್ರ ಮತ್ತು ಆಕ್ಸಲ್ ಮೇಲು. ಮ್ಯಾಚ್‌ಬಾಕ್ಸಿನಲ್ಲಿ ಮೊದಲು ಲೋಹದ ಚಕ್ರ, ಆಮೇಲೆ ಬೂದು ಪ್ಲಾಸ್ಟಿಕ್, ಬಳಿಕ ಬೆಳ್ಳಿ ಮತ್ತು ಕಪ್ಪು ಪ್ಲಾಸ್ಟಿಕ್, 1969ರಿಂದ ಸೂಪರ್‌ಫಾಸ್ಟ್. ಆಕ್ಸಲಿನ ತುದಿ ಮೊದಲಿನವುಗಳಲ್ಲಿ ಇಕ್ಕಳದಿಂದ ಒತ್ತಿದಂತೆ ಚಪ್ಪಟೆ, ನಂತರದವುಗಳಲ್ಲಿ ಗುಂಡು ತಲೆ. ಎರಡು ತುದಿ ಎರಡು ಬಗೆ ಇದ್ದರೆ ಯಾರೋ ಚಕ್ರ ಬದಲಿಸಿರಬಹುದು.

ಬಣ್ಣಕ್ಕೆ, ತಳವನ್ನು ಕಾರಿನ ಮೈಗೆ ಬಿಗಿಯುವ ರಿವೆಟ್ಟೇ ನ್ಯಾಯಾಧೀಶ. ಕಾರ್ಖಾನೆಯ ರಿವೆಟ್ ನಯವಾಗಿ ಅಣಬೆಯ ತಲೆಯಂತೆ ಹರಡಿರುತ್ತದೆ. ಬಿಚ್ಚಿ ಬಣ್ಣ ಬಳಿದಿದ್ದರೆ ಅಲ್ಲಿ ಡ್ರಿಲ್ಲಿನ ಸುತ್ತುಗೆರೆ, ಅಂಟು ಅಥವಾ ತಿರುಪು ಸಿಗುತ್ತದೆ. ಡಾಜ್ ರೆಕ್ ಟ್ರಕ್ಕಿನಲ್ಲಿ ಈ ಪರೀಕ್ಷೆ ತಪ್ಪಿಸಲೇಬಾರದು. ಸಾಮಾನ್ಯವಾಗಿ ಅದಕ್ಕೆ ಹಳದಿ ಕ್ಯಾಬು, ಹಸಿರು ಹಿಂಭಾಗ. ಬಣ್ಣ ಅದಲುಬದಲಾಗಿ ಹಸಿರು ಕ್ಯಾಬು, ಹಳದಿ ಹಿಂಭಾಗ ಇರುವುದು ಮ್ಯಾಚ್‌ಬಾಕ್ಸಿನ ಅತಿ ಅಪರೂಪದ ಕಾರುಗಳಲ್ಲೊಂದು, ಅದಕ್ಕೇ ನಕಲೂ ಹೆಚ್ಚು. ಎಲ್ಲ ಬೆಲೆಪುಸ್ತಕಗಳೂ ಇದನ್ನು ಹೇಳುತ್ತವೆ, ನಕಲು ಮಾಡುವವರೂ ಅದನ್ನು ಓದಿರುತ್ತಾರೆ, ಆದ್ದರಿಂದ ಪುಸ್ತಕ ಇಲ್ಲಿ ಸಹಾಯಕ್ಕಿಲ್ಲ. ಕ್ಯಾಬಿನ ಒಳಬದಿ, ಎರಡು ತುಂಡು ಕೂಡುವ ಸಂದು, ಕಿಟಕಿಯ ಪ್ಲಾಸ್ಟಿಕ್ಕಿನ ಹಿಂದೆ ಹೋದ ಬಣ್ಣ ನೋಡಿ. ಕಿಟಕಿಯ ಅಂಚಿಗೆ ಬಣ್ಣ ಹತ್ತಿದ್ದರೆ ಜೋಡಣೆಯ ನಂತರ ಬಳಿದದ್ದು.

ಕ್ಯಾಲಿಪರ್ ಹಿಡಿದಾಗ ಒಂದು ಮಾತು ನೆನಪಿರಲಿ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿಯ ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ಕಾಲಕ್ರಮದಲ್ಲಿ ಲೋಹ ಒಳಗಿಂದಲೇ ಉಬ್ಬಿ ಬಿರಿಯುತ್ತದೆ. ಸಂಗ್ರಾಹಕರು ಜಿಂಕ್ ಪೆಸ್ಟ್ ಎನ್ನುವುದು ಇದನ್ನೇ. ನಮ್ಮ ಮಳೆಗಾಲದ ತೇವ ಅದನ್ನು ಬೇಗ ಬೆಳೆಸುತ್ತದೆ. ಅಂಥ ಕಾರು ಕ್ಯಾಟಲಾಗಿನ ಉದ್ದಕ್ಕಿಂತ 1 ಮಿ.ಮೀ. ಹೆಚ್ಚು ತೋರಿದರೆ ಕ್ಯಾಟಲಾಗು ತಪ್ಪಲ್ಲ, ಬೇರೆ ಎರಕವೂ ಅಲ್ಲ. ಮೇಲ್ಮೈಯಲ್ಲಿ ಜೇಡನ ಬಲೆಯಂಥ ಬಿರುಕು ಹುಡುಕಿ.

ಪೆಟ್ಟಿಗೆಗೆ ಯುವಿ ಟಾರ್ಚು ಅರ್ಧ ಮಾತ್ರ ಸಹಾಯ. ಕಾಗದಕ್ಕೆ ಬಿಳುಪು ತರುವ ರಾಸಾಯನಿಕ ಬಳಕೆ 1950ರ ಸುಮಾರಿಗೆ ಹಬ್ಬಿತು. ಯುದ್ಧಪೂರ್ವದ್ದೆನ್ನುವ ಪೆಟ್ಟಿಗೆ ನೀಲಿಯಾಗಿ ಹೊಳೆದರೆ ಅನುಮಾನ ಖಚಿತ. 1965ರದ್ದೆನ್ನುವುದು ಹೊಳೆದರೂ ಹೊಳೆಯದಿದ್ದರೂ ಏನೂ ತೀರ್ಮಾನವಾಗದು.

ಹಾಗಾದರೆ ಯಾವುದಕ್ಕೆ ದುಡ್ಡು ಹಾಕಬೇಕು? ಸಾವಿರ ರೂಪಾಯಿ ಮಾತ್ರ ಇದ್ದರೆ ಭೂತಗನ್ನಡಿಗೂ ಕ್ಯಾಲಿಪರಿಗೂ. ಇನ್ನೂ ಸ್ವಲ್ಪ ಇದ್ದರೆ ಯಾವುದಾದರೂ ಒಂದೇ ಕಂಪನಿಯ, ಒಂದರ ಹಿಂದೊಂದು ಎರಡು ವರ್ಷದ ಮೂಲ ಕ್ಯಾಟಲಾಗು. ಬಿಡಿಬಿಡಿಯಾಗಿ ಹತ್ತು ವರ್ಷದ್ದು ಕೊಳ್ಳುವುದಕ್ಕಿಂತ ಈ ಜೋಡಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಬೆಲೆಪುಸ್ತಕ ಕೊನೆಯದು, ಅದರಲ್ಲೂ ತಳದ ಬರಹವನ್ನು ಅಕ್ಷರಶಃ ಕೊಟ್ಟಿರುವುದನ್ನೇ ಆರಿಸಿ. ಅದರ ಬೆಲೆ ಪೌಂಡಿನಲ್ಲಿರುತ್ತದೆ, ಮಟನ್ ಸ್ಟ್ರೀಟಿಗೆ ಅದು ಲಾಗುವಾಗದು.

ಮೂಲ ಕ್ಯಾಟಲಾಗು ಕೊಂಡರೆ ಜೂನಿಗೆ ಮೊದಲೇ ತುಕ್ಕು ಹಿಡಿದ ಪಿನ್ನುಗಳನ್ನು ಹಿಂದಿನಿಂದ ಮೆಲ್ಲಗೆ ನೆಟ್ಟಗೆ ಮಾಡಿ ತೆಗೆಯಿರಿ, ಬಿಳಿ ಹತ್ತಿ ದಾರದಲ್ಲಿ ಅವೇ ತೂತುಗಳ ಮೂಲಕ ಹೊಲಿಯಿರಿ. ಪಿವಿಸಿ ಕವರು ಬೇಡ, ಮಸಿ ಅದಕ್ಕೆ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರ್ ಕವರು, ಜೊತೆಗೆ ಸಿಲಿಕಾ ಜೆಲ್ ಇಟ್ಟ ಬಿಗಿ ಡಬ್ಬಿ. ತಪ್ಪು ಕಂಡಾಗ ಪುಟದ ಮೇಲೆ ಪೆನ್ನು ಹಾಕದೆ ಬೇರೆ ಚೀಟಿಯಲ್ಲಿ 2ಬಿ ಪೆನ್ಸಿಲಿನಿಂದ ಕಾರಿನ ತಳದ ಪೂರ್ತಿ ಬರಹ, ಚಕ್ರದ ಬಗೆ, ಅಳೆದ ಉದ್ದ, ನೋಡಿದ ದಿನಾಂಕ ಬರೆದು ಅದೇ ಪುಟದಲ್ಲಿ ಇಡಿ.