ಆಂಟಿಬಯೋಟಿಕ್ ಶುರುವಾಯಿತೆಂದು ಎದೆಹಾಲು ನಿಲ್ಲಿಸಬೇಡಿ

ಹೆರಿಗೆಯಾಗಿ ಮೂರು ವಾರ. ಬಾಣಂತಿಗೆ ಚಳಿ ಬಂದು 102 ಡಿಗ್ರಿ ಜ್ವರ, ಒಂದು ಎದೆ ಕೆಂಪಗೆ ಗಟ್ಟಿಯಾಗಿ ಮುಟ್ಟಲಾಗದಷ್ಟು ನೋವು. ಆಂಟಿಬಯೋಟಿಕ್ ಕೊಡುವವರು ಜೊತೆಗೇ ಹೇಳುತ್ತಾರೆ: "ಈ ಮಾತ್ರೆ ಮುಗಿಯೋವರೆಗೂ ಮಗುಗೆ ಹಾಲು ಕುಡಿಸ್ಬೇಡಿ." ಅಂದಿನಿಂದಲೇ ಡಬ್ಬಿ ಹಾಲು. ಇತ್ತ ಎದೆಯಲ್ಲಿ ಹಾಲು ಕಟ್ಟಿಕೊಂಡು ಬಾವು ಕೀವಿಗೆ ತಿರುಗುತ್ತದೆ. ಸ್ಕ್ಯಾನಿಂಗ್ ಮಾಡಿಸಿ ಸೂಜಿಯಲ್ಲಿ ಕೀವು ತೆಗೆಸುವ ಹೊತ್ತಿಗೆ ಬಾಟಲಿ ರೂಢಿಯಾದ ಮಗು ಎದೆಗೆ ಬಾಯಿ ಹಾಕುವುದಿಲ್ಲ. ಇದೇ ಸರಣಿ ಮನೆಯಿಂದ ಮನೆಗೆ ಮರುಕಳಿಸುತ್ತಿದೆ. ಇಲ್ಲಿ ಕೆಟ್ಟದ್ದು ಮಾಡಿದ್ದು ಮಾತ್ರೆಗಿಂತ ಆ ಒಂದು ಸಲಹೆ.

ಎದೆಬಾವಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವ ಕ್ಲಾಕ್ಸಾಸಿಲಿನ್, ಸೆಫಾಲೆಕ್ಸಿನ್ (500 ಮಿ.ಗ್ರಾಂ., ದಿನಕ್ಕೆ 4 ಸಲ, 10ರಿಂದ 14 ದಿನ), ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಇವೆಲ್ಲ ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದವು. ಹಾಲಿನ ಮೂಲಕ ಮಗುವಿಗೆ ಹೋಗುವ ಪ್ರಮಾಣ, ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದಾಗ, ತಾಯಿಯ ಡೋಸಿನ ಶೇ. 10ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅಮಾಕ್ಸಿಸಿಲಿನ್‌ನದು ಸುಮಾರು ಶೇ. 1. ಮಾತ್ರೆಯ ಜೊತೆ ಬರುವ ಚೀಟಿಯಲ್ಲಿ "ಹಾಲುಣಿಸುವ ತಾಯಂದಿರಿಗೆ ಬೇಡ" ಎಂದಿದ್ದರೆ ಎಷ್ಟೋ ಸಲ ಅದರ ಅರ್ಥ, ಕಂಪನಿ ಅಂಥ ತಾಯಂದಿರಲ್ಲಿ ಪರೀಕ್ಷೆ ಮಾಡಿಲ್ಲ ಎಂದಷ್ಟೇ.

ಹಾಗೆಂದು ಎಲ್ಲ ಮಾತ್ರೆಗೂ ಕಣ್ಣು ಮುಚ್ಚಿ ಹೂಂ ಅನ್ನುವಂತಿಲ್ಲ. ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫ್ಯುರಾಂಟಾಯಿನ್ ಮತ್ತು ಕೋ-ಟ್ರೈಮಾಕ್ಸಜೋಲ್ ಮಗುವಿಗೆ ಒಂದು ತಿಂಗಳು ತುಂಬಿರದಿದ್ದರೆ, ಕಾಮಾಲೆಯಿದ್ದರೆ, ಅವಧಿಗೆ ಮೊದಲೇ ಹುಟ್ಟಿದ್ದರೆ ಅಥವಾ ಜಿ6ಪಿಡಿ ಕೊರತೆ (ಕೆಲವು ಔಷಧಗಳಿಂದ ಕೆಂಪು ರಕ್ತಕಣ ಒಡೆಯುವ, ಹುಟ್ಟಿನಿಂದ ಬರುವ ಕಿಣ್ವದ ಕೊರತೆ) ಇದ್ದರೆ ಬೇಡ. ಮೆಟ್ರೊನಿಡಜೋಲ್ 400 ಮಿ.ಗ್ರಾಂ. ದಿನಕ್ಕೆ 3 ಸಲದ ಕೋರ್ಸಿಗೆ ಹಾಲು ನಿಲ್ಲಿಸಬೇಕಿಲ್ಲ. ಹಾಲು ಸ್ವಲ್ಪ ಕಹಿಯಾಗಿ ಮಗು ಮುಖ ತಿರುಗಿಸಬಹುದು. ಒಂದೇ ಸಲಕ್ಕೆ 2 ಗ್ರಾಂ ನುಂಗುವ ಡೋಸಾದರೆ ಮಾತ್ರ 12ರಿಂದ 24 ಗಂಟೆ ಬಿಡುವು ಕೊಡುವುದು ವಾಡಿಕೆ. ಮೊದಲೇ ಹಾಲು ಹಿಂಡಿ ಫ್ರಿಜ್ಜಿನಲ್ಲಿಡಿ, ಬಿಡುವಿನಲ್ಲಿ 2-3 ಗಂಟೆಗೊಮ್ಮೆ ಹಿಂಡಿ ಚೆಲ್ಲಿ. ಹಿಂಡದೇ ಬಿಟ್ಟರೆ ಹಾಲೂ ಕಡಿಮೆಯಾಗುತ್ತದೆ, ಎದೆಯೂ ಕಟ್ಟುತ್ತದೆ. ಡಾಕ್ಸಿಸೈಕ್ಲಿನ್ 3 ವಾರದೊಳಗಿನ ಕೋರ್ಸಾದರೆ ಸರಿ, ಮೊಡವೆಗೆಂದು ತಿಂಗಳುಗಟ್ಟಲೆ ಬೇಡ. ಕ್ಲೋರಾಂಫೆನಿಕಾಲ್ ಬೇಡವೇ ಬೇಡ.

ಇನ್ನೊಂದು ಅಪಾಯ ಭೇದಿಗೆ ಕೌಂಟರಿನಲ್ಲೇ ಕೈಗಿಡುವ ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಜೋಡಿ ಮಾತ್ರೆ. ಹೆಚ್ಚಿನ ಭೇದಿಗೆ ಓಆರ್‌ಎಸ್ ಸಾಕು, ಆಂಟಿಬಯೋಟಿಕ್ಕೇ ಬೇಕಿಲ್ಲ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಔಷಧ. ವೈದ್ಯರ ಮುಂದೆ ಕುಳಿತಾಗ "ಹಾಲು ಕುಡಿಸ್ತಿದೀನಿ" ಎಂಬುದರ ಜೊತೆ ಮಗುವಿನ ವಯಸ್ಸು, ತೂಕ, ಕಾಮಾಲೆ ಇತ್ತೇ, ದಿನ ತುಂಬಿ ಹುಟ್ಟಿತೇ ಎಂಬುದನ್ನೂ ಹೇಳಿ. ಉತ್ತರ ನಿಂತಿರುವುದು ಇದರ ಮೇಲೇ. "ಹಾಲು ನಿಲ್ಲಿಸಿ" ಎಂದರೆ, ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಬೇರೆ ಔಷಧವಿದೆಯೇ ಎಂದು ಕೇಳಲು ಸಂಕೋಚ ಬೇಡ.

ಎದೆಬಾವಿದ್ದಾಗ ಆ ಕಡೆಯಿಂದಲೂ ಮಗುವಿಗೆ ಬೇಕೆನಿಸಿದಾಗ ಕುಡಿಸಿ. ಅದರಿಂದ ಮಗುವಿಗೆ ತೊಂದರೆಯಿಲ್ಲ. ಪಂಪು ಹಾಕಿ ಪೂರ್ತಿ ಬರಿದು ಮಾಡಲು ಹೋದರೆ ಹಾಲು ಇನ್ನೂ ಹೆಚ್ಚಿ ಊತ ಏರುತ್ತದೆ. ಗಂಟು ಕರಗಲೆಂದು ಹಿರಿಯರು ಪ್ರೀತಿಯಿಂದಲೇ ಒತ್ತಿ ತಿಕ್ಕುತ್ತಾರೆ, ಅದೂ ಒಳಗಿನ ಊತಕ್ಕೆ ಕೆಟ್ಟದ್ದು. ಬಟ್ಟೆಯಲ್ಲಿ ಸುತ್ತಿದ ಐಸು, ನೋವಿಗೆ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್ ಸಾಕು. ಜ್ವರ ಇಳಿಯಿತೆಂದು ಮೂರನೇ ದಿನಕ್ಕೆ ಆಂಟಿಬಯೋಟಿಕ್ ಬಿಟ್ಟರೆ ಬಾವು ಮರಳಿ ಬರಬಹುದು. 48 ಗಂಟೆಯಲ್ಲಿ ಜ್ವರ ತಗ್ಗದಿದ್ದರೆ, ಗಡ್ಡೆ ಹಾಗೇ ಇದ್ದರೆ, ಕೀವಾಗಿದೆಯೇ ಎಂದು ಸ್ಕ್ಯಾನ್ ಮಾಡಿಸಿ.

ತಾಯಿ ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವಾಗ ಮಗುವಿನ ಮಲ ಸ್ವಲ್ಪ ನೀರಾಗುವುದು, ಕೆಳಗೆ ಕೆಂಪು ಗುಳ್ಳೆ, ನಾಲಿಗೆಯ ಮೇಲೆ ಒರೆಸಿದರೂ ಹೋಗದ ಬಿಳಿ ಪದರ, ಇವು ಕಾಣಿಸಬಹುದು. ಮಕ್ಕಳ ವೈದ್ಯರಿಗೆ ತೋರಿಸಿ, ಹಾಲು ಬಿಡಿಸಬೇಡಿ. ಮಲದಲ್ಲಿ ರಕ್ತ, ಮೈತುಂಬ ದದ್ದು, ಹಾಲು ಕುಡಿಯದೆ ಮಂಕಾಗಿರುವುದು, ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.